ಹಂಪಿಯ ನೀರೂ ಸ್ಮಾರಕವೇ

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ಬಸ್ಸು ಕೆರೆಯ ಪಕ್ಕ ಸಾಗುವಾಗ ಪ್ರವಾಸಿಗರ ಕಣ್ಣು ಮುಂದಿನ ಗೋಪುರವನ್ನೇ ಹುಡುಕುತ್ತಿರುತ್ತದೆ. ವಿಜಯನಗರದ ಕಾಲದ ಕೆಲಸವೊಂದು ಅಷ್ಟರಲ್ಲಿ ಹಿಂದೆ ಸರಿದುಹೋಗಿರುತ್ತದೆ. ಅರಮನೆ ನೆಲ ಕಚ್ಚಿದೆ, ಬಜಾರು ಬರಿದಾಗಿದೆ. ಕಮಲಾಪುರದ ಕೆರೆ ಮಾತ್ರ ಇವತ್ತಿಗೂ ಗದ್ದೆಗೆ ನೀರು ಬಿಡುತ್ತಿದೆ.

ಈ ಸೀಮೆಯ ಬಂಡೆರಾಶಿ ಕಂಡವರಿಗೆ ಯಾವ ಕಾಲದ್ದೋ ಹಿಮನದಿ ಇವನ್ನು ಉರುಳಿಸಿಕೊಂಡು ಬಂದು ಬಿಟ್ಟುಹೋಯಿತೇನೋ ಅನ್ನಿಸಬಹುದು. ಹಾಗೇನಿಲ್ಲ. ಸುಮಾರು 250 ಕೋಟಿ ವರ್ಷದ ಗ್ರಾನೈಟು ಬಿರುಕು ಬಿಟ್ಟು, ಬಿಸಿಲು ಮಳೆಗೆ ಅಂಚು ಸವೆದು, ನಿಂತಲ್ಲೇ ಗುಂಡಾಗಿದೆ. ಹಿಮಾಲಯದಲ್ಲಿ ಹಿಮನದಿ ತಳ್ಳಿ ತಂದ ಕಲ್ಲುಮಣ್ಣಿನ ದಿಬ್ಬವೇ ನೀರಿಗೆ ಅಡ್ಡ ನಿಂತು ಎಷ್ಟೋ ಸರೋವರಗಳಾಗಿವೆ. ಮಳೆ ಕಡಿಮೆಯಿರುವ ಇಲ್ಲಿ ಆ ದಿಬ್ಬವನ್ನು ಜನರೇ ತಲೆಯ ಮೇಲೆ ಹೊತ್ತು ಹಾಕಬೇಕಾಯಿತು. ಪುರಾಣವೇನೋ ಈ ವ್ಯತ್ಯಾಸಕ್ಕೆ ಸೊಪ್ಪು ಹಾಕಿಲ್ಲ. ಐದು ಪವಿತ್ರ ಸರೋವರಗಳಲ್ಲಿ ಮಾನಸ ಸರೋವರದ ಜೊತೆಗೆ ಪಂಪಾ ಸರೋವರವನ್ನೂ ಎಣಿಸುತ್ತಾರೆ. ಒಂದು 4,500 ಮೀಟರಿಗೂ ಎತ್ತರದಲ್ಲಿರುವ ನೀರಿನ ಬಯಲು. ಇನ್ನೊಂದು ಆನೆಗೊಂದಿ ಬಳಿ ಗುಡ್ಡದ ಮಗ್ಗುಲಲ್ಲಿರುವ ಪುಟ್ಟ ಕೊಳ. ಶಬರಿ ರಾಮನಿಗಾಗಿ ಕಾದದ್ದು ಇಲ್ಲೇ ಎನ್ನುತ್ತಾರೆ.

ಕೆರೆ ಕಟ್ಟುವುದು ಎಷ್ಟು ದುಬಾರಿ ಕೆಲಸವಾಗಿತ್ತು ಎನ್ನುವುದಕ್ಕೆ ಹೊಸಪೇಟೆಯ ರಾಯರ ಕೆರೆಯೇ ಸಾಕ್ಷಿ. ಎರಡು ಗುಡ್ಡಗಳ ನಡುವೆ ಕೃಷ್ಣದೇವರಾಯ ಏರಿ ಹಾಕಿಸುತ್ತಿದ್ದುದನ್ನು 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಯಸ್ ಕಣ್ಣಾರೆ ಕಂಡ. ಹದಿನೈದು ಇಪ್ಪತ್ತು ಸಾವಿರ ಜನ ಕಾಲಿಡಲು ಜಾಗವಿಲ್ಲದಂತೆ ದುಡಿಯುತ್ತಿದ್ದರಂತೆ. ಏರಿ ಎರಡು ಮೂರು ಬಾರಿ ಒಡೆದಾಗ ಅರುವತ್ತು ಮನುಷ್ಯರನ್ನು, ಜೊತೆಗೆ ಕುದುರೆ, ಕೋಣಗಳನ್ನು ಬಲಿ ಕೊಡಲಾಯಿತೆಂದು ಅವನು ಬರೆದಿದ್ದಾನೆ. ‘ಕೆರೆಗೆ ಹಾರ’ ಹಾಡಿನ ಭಾಗೀರಥಿಗಾಗಿ ಕಣ್ಣೀರಿಡುವ ನಾವು ಹೆಸರಿಲ್ಲದ ಈ ಅರುವತ್ತು ಮಂದಿಯನ್ನು ನೆನೆಯುವುದಿಲ್ಲ. ಕೆಲಸಕ್ಕೆ ಜೋವಾ ದೆಲ್ಲಾ ಪೊಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನೂ ಇದ್ದ ಎನ್ನುತ್ತಾನೆ ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್. ಆ ನೀರಿನಿಂದ ಸಾಗುವಳಿ ಮಾಡಿದವರಿಗೆ ಒಂಬತ್ತು ವರ್ಷ ಕಂದಾಯ ಮಾಫಿಯಾಗಿತ್ತು ಎಂಬ ಮಾತೂ ಅವನದೇ. ಇವತ್ತು ರಾಯರ ಕೆರೆಯಲ್ಲಿ ನೀರಿಲ್ಲ, ಬೇಸಾಯ ನಡೆದಿದೆ.

ಕಟ್ಟುವುದಕ್ಕಿಂತ ಕಾಯುವುದು ಕಷ್ಟ ಎಂಬುದು ಹಿಂದಿನವರಿಗೆ ಗೊತ್ತಿತ್ತು. ಹೂಳು ಹೊರುವ ಬಂಡಿಗೆ, ದೋಣಿಗೆ ದತ್ತಿ ಬಿಟ್ಟದ್ದನ್ನು ಕರ್ನಾಟಕದ ಶಾಸನಗಳು ಹೇಳುತ್ತವೆ. ಕೆರೆಯ ದುರಸ್ತಿಗೆಂದೇ ‘ಬಿತ್ತುವಟ್ಟ’ ಎಂಬ ದತ್ತಿ ಇರುತ್ತಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ ಹಾಕಿಸಿದ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿ ಮಾಡಿದೆ. ಏರಿಯಲ್ಲಿ ಜಿನುಗು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿರುವುದು ಇನ್ನೊಂದು! ಮೂರು ರಾಜ್ಯಗಳು ಪಾಲು ಕೇಳುವ ತುಂಗಭದ್ರೆಯ ದಡದಲ್ಲಿ ಕೂತು ಇದನ್ನು ಓದಿದರೆ ನಗು ಬರದಿರದು.

ತುಂಗಭದ್ರಾ ಜಲಾಶಯ ಸಿದ್ಧವಾದಾಗ ಹಿಡಿಯುತ್ತಿದ್ದುದು 133 ಟಿಎಂಸಿ ಅಡಿ. ಹೂಳು ತುಂಬಿ ಈಗ ಅದು 106ಕ್ಕಿಂತ ಕೆಳಗಿಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸಿಬ್ಬಂದಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದರು. ಅದಕ್ಕೂ ಹಿಂದಿನ ವರ್ಷ, ಅಕ್ಟೋಬರಿನಲ್ಲಿ, ಸಿಕ್ಕಿಂನ ದಕ್ಷಿಣ ಲೊನಾಕ್ ಹಿಮಸರೋವರ ಒಡೆದು ಚುಂಗ್‌ಥಾಂಗ್ ಅಣೆಕಟ್ಟನ್ನು ನುಂಗಿತ್ತು. ಅಲ್ಲಿ ಒಡೆದದ್ದು ಯಾರೂ ಕಟ್ಟದ ದಿಬ್ಬ. ಇಲ್ಲಿ ಹರಿದದ್ದು ಎಪ್ಪತ್ತು ವರ್ಷದ ಚೈನು. ಅದನ್ನು ಸಕಾಲದಲ್ಲಿ ಬದಲಿಸಬಹುದಿತ್ತು.

ಸಂಡೂರಿನ ಕಡೆಯ ಕಥೆ ಬೇರೆ. ಅಲ್ಲಿನ ಕಣಿವೆಯ ನೀರನ್ನು ನಾರಿಹಳ್ಳ ದರೋಜಿ ಕೆರೆಗೆ ತರುತ್ತದೆ. ಗಣಿಗುಡ್ಡಗಳ ಕೆಂಪು ಮಣ್ಣೂ ಅದರೊಡನೆ ಬರುತ್ತದೆ. ಕಂಪಿಲಿಯ ಕುಮಾರರಾಮನ ಕಥೆಯನ್ನು ನೆನಪಿನಿಂದಲೇ ಹಾಡುತ್ತಿದ್ದ, 2014ರಲ್ಲಿ ತೀರಿಕೊಂಡ ಬುರ್ರಕಥಾ ಈರಮ್ಮ ಇದೇ ದರೋಜಿಯವರು. ಊರಿನ ಹೆಸರು ಅವರಿಂದ, ಕರಡಿಧಾಮದಿಂದ ನಾಡಿಗೆ ಗೊತ್ತು. ಕೆರೆಯಿಂದ ಗೊತ್ತಿರುವವರು ಕಡಿಮೆ.

1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಂದಿನಿಂದ ಕಂಬ ವಾಲಿದರೆ ಪತ್ರಿಕೆಯಲ್ಲಿ ಸುದ್ದಿ, ವಿಚಾರಣೆ, ರಿಪೇರಿ. ಕೆರೆಯಲ್ಲಿ ಹೂಳು ಏರಿದರೆ ಅದು ಇನ್ನೊಂದು ಇಲಾಖೆಯ ಕಡತ. ವಿಜಯನಗರದ ತೂಬನ್ನು ಹತ್ತಿರದಿಂದ ನೋಡಿ: ಎರಡು ಎತ್ತರದ ಕಲ್ಲುಕಂಬ, ನಡುವೆ ತೂತು ಕೊರೆದ ಅಡ್ಡಹಲಗೆ, ಅದರೊಳಗೆ ಇಳಿಬಿಟ್ಟ ಕೋಲಿನ ತುದಿಯಲ್ಲಿ ನೀರಿನ ಬಾಯಿ ಮುಚ್ಚುವ ಬಿರಡೆ. ಕಲ್ಲಿನ ರಥದಷ್ಟೇ ಜಾಣ್ಮೆ ಇದರಲ್ಲೂ ಇದೆ. ಸಂರಕ್ಷಣೆಯ ಬಜೆಟ್ಟಿನಲ್ಲಿ ತೂಬು, ಏರಿ, ರಾಯ ಕಾಲುವೆಗಳಿಗೆ ಬೇರೆಯೇ ಬಾಬ್ತು ತೆಗೆದಿಡಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಕಮಲಾಪುರ ಕೆರೆಯ ಹೂಳೆತ್ತಿ ಕೆಳಗಿನ ಹೊಲಗಳಿಗೆ ಕೊಟ್ಟರೆ, ಆ ಗೋಡು ಮಣ್ಣು ಹೊರಲು ಟ್ರ್ಯಾಕ್ಟರು ತರುವ ರೈತರಿಗೇನೂ ಕೊರತೆಯಾಗದು.