ತಾಳ್ಮೆ ಹುಟ್ಟುಗುಣವಲ್ಲ

‘ನನಗೆ ತಾಳ್ಮೆ ಕಡಿಮೆ ಡಾಕ್ಟ್ರೇ, ಅದು ಹುಟ್ಟುಗುಣ.’ ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಚಿಕಿತ್ಸೆ ಪಡೆಯುವವರು ಆಗಾಗ ಹೇಳುವ ಮಾತಿದು. ಮಕ್ಕಳ ಬಗ್ಗೆ ತಂದೆ ತಾಯಂದಿರ ದೂರೂ ಹೆಚ್ಚು ಕಡಿಮೆ ಇದೇ. ನಾನು ಇದನ್ನು ಒಪ್ಪುವುದಿಲ್ಲ. ಈಜು, ಸೈಕಲ್ ಸವಾರಿಗಳಂತೆ ತಾಳ್ಮೆಯೂ ಅಭ್ಯಾಸದಿಂದ ಬರುವಂಥದು. ಅದಕ್ಕೆ ಹೆಚ್ಚು ಖರ್ಚಿಲ್ಲದ ಒಂದು ದಾರಿಯನ್ನು ಸೂಚಿಸುತ್ತೇನೆ. ನಿಮ್ಮ ಮನೆಯಲ್ಲಿ ನಾಯಿಯೋ ಬೆಕ್ಕೋ ಇದ್ದರೆ ಅದರ ಮುಖವನ್ನು ಬಣ್ಣದಲ್ಲಿ ಬರೆಯಲು ಕಲಿಯಿರಿ.

ನಾಯಿಯ ಮುಖವೇ ಏಕೆ ಎಂದು ನೀವು ಕೇಳಬಹುದು. ಬೆಟ್ಟ, ಮರ, ಸೂರ್ಯೋದಯದ ಚಿತ್ರದಲ್ಲಿ ಕೊಂಬೆಯೊಂದು ತುಸು ಸೊಟ್ಟಗಾದರೆ ಕೇಳುವವರಿಲ್ಲ. ಸಾಕಿದ ನಾಯಿಯ ಕಣ್ಣು ಕೂದಲೆಳೆಯಷ್ಟು ಜರುಗಿದರೂ ‘ಇದು ನಮ್ಮ ರಾಜು ಅಲ್ಲ’ ಎಂದು ಮನೆಯ ಪುಟ್ಟ ಮಗುವೇ ತೀರ್ಪು ಕೊಡುತ್ತದೆ. ಆದ್ದರಿಂದ ನೋಡಬೇಕು, ಅಳಿಸಬೇಕು, ಮತ್ತೆ ನೋಡಬೇಕು. ರಾಜು ಹೇಳಿದಂತೆ ಕೂರುವವನೂ ಅಲ್ಲ. ಅವನು ಮಲಗಿದ್ದಾಗ ಪೆನ್ಸಿಲ್ಲಿನಿಂದ ಗೀಚಿ ಅಭ್ಯಾಸ ಮಾಡಿ. ಇಲ್ಲವೇ ಕಿಟಕಿಯ ಬೆಳಕಿನಲ್ಲಿ, ಅವನ ಕಣ್ಣಿನ ಮಟ್ಟಕ್ಕೆ ಬಗ್ಗಿ ಒಂದು ಫೋಟೊ ತೆಗೆದುಕೊಳ್ಳಿ.

ಮೊದಲು ಕಣ್ಣು, ಮೂಗು, ಕಿವಿಗಳ ನಡುವಿನ ಅಂತರವನ್ನು ಅಳೆದು ಗುರುತು ಹಾಕಿ. ಕಣ್ಣಿನಲ್ಲಿ ಹೊಳೆಯುವ ಚುಕ್ಕೆಗೆ ಕಾಗದದ ಬಿಳುಪನ್ನೇ ಬಿಟ್ಟುಬಿಡಿ. ಕೂದಲನ್ನು ಎಣಿಸಬೇಡಿ, ಅದು ಯಾವ ಕಡೆಗೆ ಬಾಗಿದೆಯೋ ಆ ಕಡೆಗೆ ಕುಂಚ ಎಳೆದರೆ ಸಾಕು. ಕರಿ ನಾಯಿಗೆ ಬರೀ ಕಪ್ಪು ಬಳಿದರೆ ಇದ್ದಿಲಿನ ಗುಡ್ಡೆಯಾದೀತು. ಗಮನಿಸಿದರೆ ಅದರ ಮೈಮೇಲೆ ನೀಲಿಯೂ ಕಂದೂ ಕಾಣುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಜಲವರ್ಣದಲ್ಲಿ ಮೊದಲ ಪದರ ಒಣಗುವ ಮುನ್ನ ಎರಡನೆಯದನ್ನು ಹಚ್ಚಿದರೆ ಬಣ್ಣ ಹರಡಿ ಕೆಸರಾಗುತ್ತದೆ. ಬಣ್ಣ ನಿಮ್ಮ ಅವಸರಕ್ಕೆ ಬಗ್ಗುವುದಿಲ್ಲ. ಕಾಯುವುದನ್ನು ಅದೇ ಕಲಿಸುತ್ತದೆ.

ಬಹುತೇಕ ಚಿತ್ರಗಳು ಅರ್ಧಕ್ಕೆ ಬಂದಾಗ ವಿಕಾರವಾಗಿ ಕಾಣುತ್ತವೆ. ಹೆಚ್ಚಿನವರು ಕೈಬಿಡುವುದು ಅಲ್ಲಿಯೇ. ವೈದ್ಯನಾಗಿ ನನಗೆ ಈ ಘಟ್ಟ ಬಹಳ ಪರಿಚಿತ. ಕ್ಷಯರೋಗಕ್ಕೆ ಸಾಮಾನ್ಯವಾಗಿ 6 ತಿಂಗಳು ಔಷಧಿ ಬೇಕು. ಕೆಲವು ವಾರಗಳಲ್ಲಿ ಕೆಮ್ಮು ಇಳಿದೊಡನೆ ಮಾತ್ರೆ ಬಿಟ್ಟವರಲ್ಲಿ ರೋಗ ಮರುಕಳಿಸಬಹುದು, ಆ ಔಷಧಿಗೆ ಜಗ್ಗದಂತೆಯೂ ಆಗಬಹುದು. ಬೆಳಗಿನ ನಡಿಗೆಯನ್ನು ಎರಡನೇ ವಾರಕ್ಕೆ ನಿಲ್ಲಿಸುವವರದೂ ಇದೇ ಕಥೆ. ಚಿತ್ರ ಬರೆದರೆ ರೋಗ ವಾಸಿಯಾಗುತ್ತದೆಂದು ನಾನು ಹೇಳುತ್ತಿಲ್ಲ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಫಲ ಕಣ್ಣಿಗೆ ಕಾಣದ ದಿನಗಳಲ್ಲಿಯೂ ಹಿಡಿದ ಕೆಲಸ ಬಿಡದಿರುವುದೇ ಒಂದು ಅಭ್ಯಾಸ. ಅದನ್ನು ಅಪಾಯವಿಲ್ಲದ ಜಾಗದಲ್ಲಿ ಕಲಿಯುವುದು ಒಳ್ಳೆಯದು. ಹಾಳೆ ಕೆಟ್ಟರೆ ಹಾಳೆಯಷ್ಟೇ ನಷ್ಟ.

ಪ್ರಾಣಿಗಳ ಚಿತ್ರಕ್ಕೆ ಹೆಸರಾದ ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅವನು ಹೆಚ್ಚಾಗಿ ಸ್ವಂತ ಪ್ರಯತ್ನದಿಂದಲೇ ಕಲಿತವನು. 1751ರಲ್ಲಿ ಪ್ರಕಟವಾದ ಒಂದು ಹೆರಿಗೆ ಶಾಸ್ತ್ರದ ಗ್ರಂಥಕ್ಕೂ ಅವನೇ ಚಿತ್ರ ಬರೆದಿದ್ದ. ಮುಂದೆ ಕುದುರೆಯನ್ನು ಸರಿಯಾಗಿ ಬರೆಯಲೆಂದು ಹಳ್ಳಿಯೊಂದರ ಮನೆಯಲ್ಲಿ ಸುಮಾರು 18 ತಿಂಗಳು ಸತ್ತ ಕುದುರೆಗಳನ್ನು ಪದರ ಪದರವಾಗಿ ಬಿಡಿಸಿ ನೋಡಿದ. ಆ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆಯಲು ಯಾರೂ ಮುಂದೆ ಬರದಿದ್ದಾಗ ತಾನೇ ಕೊರೆದ. ಪುಸ್ತಕ ಹೊರಬಂದದ್ದು 1766ರಲ್ಲಿ. ಇಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವನ ‘ವಿಸಲ್‌ಜಾಕೆಟ್’ ಕುದುರೆ ಜೀವಂತವಾಗಿ ಕಾಣುವುದರ ಹಿಂದೆ ಇಷ್ಟು ದುಡಿಮೆಯಿದೆ.

ನಮಗೆ ಅಷ್ಟೆಲ್ಲ ಬೇಡ. ದಿನಕ್ಕೆ ಅರ್ಧ ಗಂಟೆ, ನಿಗದಿಯಾದ ಹೊತ್ತಿನಲ್ಲಿ ಸಾಕು. ಕೆಟ್ಟ ಚಿತ್ರವನ್ನು ಹರಿಯದೆ, ಹಿಂಬದಿಯಲ್ಲಿ ತಾರೀಖು ಬರೆದಿಡಿ. ಹತ್ತು ಚಿತ್ರಗಳಾದ ಮೇಲೆ ಮೊದಲನೆಯದನ್ನೂ ಹತ್ತನೆಯದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪೋಷಕರಲ್ಲಿ ನನ್ನದೊಂದು ವಿನಂತಿ: ಇದನ್ನು ಸ್ಪರ್ಧೆಗೂ ಬಹುಮಾನಕ್ಕೂ ಗಂಟುಹಾಕಬೇಡಿ. ‘ಪಕ್ಕದ ಮನೆಯ ಹುಡುಗಿ ಎಷ್ಟು ಚೆನ್ನಾಗಿ ಬರೆಯುತ್ತಾಳೆ’ ಎಂಬ ಒಂದೇ ಮಾತು ಮಗುವಿನ ಕೈಯಿಂದ ಕುಂಚವನ್ನು ಕಿತ್ತುಕೊಳ್ಳಬಲ್ಲದು.

ಕೆಲವು ಎಚ್ಚರಿಕೆಗಳೂ ಇವೆ. ನಲವತ್ತು ದಾಟಿದವರು ಹತ್ತಿರದ ಕೆಲಸಕ್ಕೆ ಕನ್ನಡಕ ಬೇಕೇ ಎಂದು ಕಣ್ಣು ಪರೀಕ್ಷಿಸಿಕೊಳ್ಳಿ. ನಡುನಡುವೆ ಎದ್ದು ಕತ್ತು, ಬೆನ್ನು ಸಡಿಲಿಸಿ. ಕುಂಚದ ತುದಿಯನ್ನು ನಾಲಿಗೆಯಿಂದ ಚೂಪು ಮಾಡಬೇಡಿ, ಕೆಲವು ಬಣ್ಣಗಳಲ್ಲಿ ವಿಷಕಾರಿ ಲೋಹಗಳಿರುತ್ತವೆ. ತೈಲವರ್ಣಕ್ಕೆ ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ. ಕುಂಚ ತೊಳೆದ ನೀರನ್ನು ರಾಜು ನೆಕ್ಕದಂತೆ ಮೇಲಿಡಿ.

ಹಾಳೆ, ಪೆನ್ಸಿಲ್, ಒಂದು ಚಿಕ್ಕ ಬಣ್ಣದ ಡಬ್ಬಿ ಇದ್ದರೆ ಈ ಭಾನುವಾರವೇ ಶುರು ಮಾಡಬಹುದು. ಮೊದಲ ಚಿತ್ರ ನಾಯಿಯಂತೆ ಕಾಣದೆ ಕುರಿಯಂತೆ ಕಂಡರೆ ಬೇಸರಪಡದೆ, ಸೋಮವಾರ ಎರಡನೆಯದಕ್ಕೆ ಕೂತುಕೊಳ್ಳಿ.