ಕತ್ತರಿ ಮಕ್ಕಳ ಕೈಯಲ್ಲಿರಲಿ

ಕೈಕೆಲಸದ ಅಭ್ಯಾಸ ಪಾಠವಿದ್ದರೆ ನಾವು ಪ್ರಶಿಕ್ಷಣಾರ್ಥಿಗಳು ಹಿಂದಿನ ರಾತ್ರಿಯೇ ಎಲ್ಲವನ್ನೂ ಕತ್ತರಿಸಿ ಇಟ್ಟುಕೊಳ್ಳುತ್ತೇವೆ. ಮಕ್ಕಳ ಪಾಲಿಗೆ ಜೋಡಿಸುವುದಷ್ಟೇ ಉಳಿಯುತ್ತದೆ. ಈ ರೂಢಿಯನ್ನು ಬಿಡಬೇಕೆಂದು ನನ್ನ ಅಭಿಪ್ರಾಯ.

ಮಾವಳ್ಳಿ ಕಡೆಯ ಶಾಲೆಯೊಂದರ ಐದನೇ ತರಗತಿಗೆ, ಗಣಿತದ ಅಳತೆಯ ಪಾಠಕ್ಕೆ ಹೊಂದಿಸಿ, ಬಟ್ಟೆಯ ಆನೆಮರಿಗೆ ಅಂಗಿ ಹೊಲಿಯುವ ಚಟುವಟಿಕೆ ಯೋಜಿಸಿದ್ದೆ. ಮೊದಲ ದಿನ ನಾನೇ ಕತ್ತರಿಸಿದ ತುಂಡುಗಳನ್ನು ಕೊಟ್ಟೆ. ನಲವತ್ತು ನಿಮಿಷದಲ್ಲಿ ಅಂಗಿ ಸಿದ್ಧವಾಯಿತು. ವೀಕ್ಷಣಾ ಪುಸ್ತಕದಲ್ಲಿ 'ಉತ್ತಮ' ಎಂದು ಬಂತು. ಟೇಪನ್ನು ಮಾತ್ರ ಒಂದು ಮಗುವೂ ಮುಟ್ಟಿರಲಿಲ್ಲ.

ಮರುದಿನ ಇನ್ನೊಂದು ವಿಭಾಗ. ಕತ್ತರಿಸಲು ನನಗೆ ಸಮಯವಾಗಿರಲಿಲ್ಲ, ಮಕ್ಕಳಿಗೇ ಬಿಟ್ಟೆ. ಆನೆಯ ಹೊಟ್ಟೆಯ ಸುತ್ತಳತೆ 34 ಸೆಂ.ಮೀ. ಬಟ್ಟೆಯನ್ನೂ ಸರಿಯಾಗಿ 34ಕ್ಕೇ ಕತ್ತರಿಸಿದರು. ಎರಡೂ ಅಂಚಿನಿಂದ ಒಂದೂವರೆ ಸೆಂ.ಮೀ. ಒಳಗೆ ಹೊಲಿದಾಗ 31 ಉಳಿಯಿತು. "ಅಕ್ಕೋರೇ, ಆನೆ ಉಂಡ್ಕಂಡ್ ಬಂದದೆ!" ಎಂದ ಒಬ್ಬ. ನಗು ಮುಗಿದ ಮೇಲೆ ಅವನೇ ಮೂರು ಸೆಂ.ಮೀ. ಎಲ್ಲಿ ಹೋಯಿತೆಂದು ಹುಡುಕಿದ. ಕುತ್ತಿಗೆಯ ಅಳತೆಗೆ ಮಾಡಿದ ತೂತಿನಲ್ಲಿ ತಲೆ ಹೋಗಲಿಲ್ಲ, ಕಿವಿ ಅಡ್ಡ ಬಂತು. ತಮ್ಮ ಅಂಗಿಯಂತೆ ತೋಳುಗಳನ್ನು ಪಕ್ಕಕ್ಕೆ ಇಟ್ಟಿದ್ದರು, ಆನೆಯ ಕಾಲುಗಳಿರುವುದು ಕೆಳಗೆ. ಬೆನ್ನ ಮೇಲೆ ಸೀಳಿ ಗುಂಡಿ ಇಡೋಣವೆಂದು ಮಾತಾಗುವಷ್ಟರಲ್ಲಿ ಗಂಟೆ ಹೊಡೆಯಿತು. ಪುಸ್ತಕದಲ್ಲಿ 'ಚಟುವಟಿಕೆ ಅಪೂರ್ಣ' ಎಂದು ಬಂತು. ಆದರೆ ಗಣಿತ ನಡೆದದ್ದು ಎರಡನೆಯ ದಿನ.

ಹುಡುಗರು ಸೂಜಿ ಹಿಡಿಯುವರೇ ಎಂದು ಸಹಪಾಠಿಯೊಬ್ಬರು ಕೇಳಿದರು. ಮುರ್ಡೇಶ್ವರದ ದಂಡೆಯಲ್ಲಿ ಕೂತು ಬಲೆ ಸರಿಮಾಡುವವರು ಗಂಡಸರೇ ಅಲ್ಲವೇ?

1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಶಿಕ್ಷಣವಾಗಲಿ ಎಂದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಆಟಿಕೆ ಆಧಾರಿತ ಕಲಿಕೆಯ ಮಾತು ಮತ್ತೆ ಬಂದಿದೆ. ಇವನ್ನೆಲ್ಲ ಪರೀಕ್ಷೆಗೆ ಬರೆಯುವ ನಾವು ತರಗತಿಯಲ್ಲಿ ಮಾತ್ರ ಸಿದ್ಧವಸ್ತುವಿಗೇ ಅಂಕ ಬಯಸುತ್ತೇವೆ. ವೀಕ್ಷಣಾ ನಮೂನೆಯಲ್ಲಿ 'ಅಳತೆ ತೆಗೆದವರು ಯಾರು?' ಎಂಬ ಒಂದು ಸಾಲು ಸೇರಲಿ.

ಸಮಯ ಸಾಲದು ಎಂಬುದು ನಿಜವಾದ ತೊಡಕು. ಎರಡು ಅವಧಿಗಳನ್ನು ಒಟ್ಟಿಗೆ ಕೇಳಿ ಪಡೆಯಬೇಕು. ಮೊದಲು ಹಳೆಯ ಪತ್ರಿಕೆಯಲ್ಲಿ ಕತ್ತರಿಸಿ ಆನೆಗೆ ತೊಡಿಸಿ ನೋಡಲಿ, ತಪ್ಪಿದರೆ ಕಾಗದ ಹೋಗುತ್ತದೆ ಅಷ್ಟೆ. ಬಟ್ಟೆಗೆ ದರ್ಜಿಯ ಅಂಗಡಿಯ ಚೂರುಗಳು ಸಾಕು. ಕತ್ತರಿ ಮೊಂಡು ತುದಿಯದಿರಲಿ, ಸೂಜಿಗಳನ್ನು ಕೊಡುವಾಗಲೂ ಮರಳಿ ಪಡೆಯುವಾಗಲೂ ಎಣಿಸಿ.