ಬಿಸಿಲ ನಾಡಿಗೆ ಒಪ್ಪುವ ಮನೆ

ಕಲಬುರಗಿ ಜಿಲ್ಲೆಯ ಬೇಸಿಗೆಯನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ವಾಡಿಕೆ. ಆದರೂ ನಾವಿಂದು ಕಟ್ಟುತ್ತಿರುವ ಮನೆಗಳನ್ನು ನೋಡಿದರೆ, ಈ ಬಿಸಿಲು ನಮ್ಮ ಲೆಕ್ಕಕ್ಕೇ ಬಂದಿಲ್ಲವೇನೋ ಎನಿಸುತ್ತದೆ. 2018ರಲ್ಲಿ ಹೊಸ ತಾಲ್ಲೂಕು ಕೇಂದ್ರವಾದ ಕಮಲಾಪುರದಂಥ ಊರುಗಳು ಬೆಳೆಯುವ ಹಂತದಲ್ಲಿರುವಾಗಲೇ ಈ ವಿಚಾರ ಚರ್ಚೆಗೆ ಬರುವುದು ಅಗತ್ಯ. ಇಂದು ಕಟ್ಟಿದ ಮನೆಯಲ್ಲಿ ಮುಂದಿನ ಎರಡು ತಲೆಮಾರು ಬಾಳಬೇಕಾಗಿದೆ.

ನಮ್ಮ ಹಿರಿಯರ ಮನೆಗಳಿಗೆ ದಪ್ಪನೆಯ ಕಲ್ಲುಗೋಡೆ, ತೊಲೆ-ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ, ಬೆಳಕಿಂಡಿ, ಶಹಾಬಾದಿ ಪರಸಿಯ ನೆಲ, ಅಂಗಳದಲ್ಲಿ ಬೇವಿನ ಮರ ಇರುತ್ತಿದ್ದವು. ಹಗಲಿನ ಕಾವು ಆ ಗೋಡೆಯನ್ನು ದಾಟಿ ಒಳಸೇರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಮನೆಮಂದಿ ಮಾಳಿಗೆಯ ಮೇಲೋ ಅಂಗಳದಲ್ಲೋ ಮಲಗುತ್ತಿದ್ದರು. ಇಂದಿನ ನಾಲ್ಕೈದು ಅಂಗುಲದ ಕಾಂಕ್ರೀಟ್ ಛಾವಣಿಯಾದರೋ ದಿನವಿಡೀ ಕಾದು, ರಾತ್ರಿಯೆಲ್ಲ ಆ ಕಾವನ್ನು ಕೋಣೆಯೊಳಗೆ ಬಿಡುತ್ತದೆ. ಅದರ ಬೆಲೆಯನ್ನು ನಾವು ವಿದ್ಯುತ್ ಬಿಲ್ಲಿನಲ್ಲಿ ತೆರುತ್ತಿದ್ದೇವೆ.

ಹಾಗೆಂದು ಹಳೆಯ ಮನೆಗಳನ್ನು ಇದ್ದಂತೆಯೇ ಮರಳಿ ಕಟ್ಟುವುದು ವಿವೇಕವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿ ಪರಿಸರದಲ್ಲಿ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನ ಮಡಿದರು. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ ಹಾಗೂ ಭಾರವಾದ ಮಣ್ಣಿನ ಮಾಳಿಗೆ ಕುಸಿದುದೇ ಆ ಸಾವುಗಳಿಗೆ ಮುಖ್ಯ ಕಾರಣ. 2021ರ ಅಕ್ಟೋಬರ್‌ನಲ್ಲಿ ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಸುತ್ತಲೂ ಭೂಮಿ ಕಂಪಿಸಿದ್ದನ್ನು ಮರೆಯಲಾಗದು. ತಂಪು ಮತ್ತು ಭದ್ರತೆ ಎರಡೂ ಒಂದೇ ಮನೆಯಲ್ಲಿ ದೊರೆಯಬೇಕು.

ಇದು ಅಸಾಧ್ಯವೇನಲ್ಲ. ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಬುನಾದಿಗೆ ಕಬ್ಬಿಣ-ಕಾಂಕ್ರೀಟಿನ ಪಟ್ಟಿ ಬೇಕು. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿಯೂ ಅಂಥದೇ ಪಟ್ಟಿ ಗೋಡೆಗಳನ್ನೆಲ್ಲ ಸುತ್ತಿ ಹಿಡಿಯಬೇಕು. ಛಾವಣಿಗೆ ಬಿಳಿ ಸುಣ್ಣ ಬಳಿಯುವುದು ಅತಿ ಅಗ್ಗದ ಉಪಾಯ. ಪಡುವಣ ಗೋಡೆಗೆ ಮರದ ನೆರಳು, ಕಿಟಕಿಗಳಿಗೆ ಅಗಲವಾದ ಸಜ್ಜಾ, ರಾತ್ರಿಯ ತಂಗಾಳಿ ಹಾಯಲು ಎದುರುಬದುರು ಕಿಟಕಿಗಳು ಇದ್ದರೆ ಅರ್ಧ ಕೆಲಸ ಮುಗಿಯಿತು. ಸಾವಿರ ಚದರಡಿ ಛಾವಣಿಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 65 ಸಾವಿರ ಲೀಟರ್ ನೀರಾಗುತ್ತದೆ. ಅದನ್ನು ಚರಂಡಿಗೆ ಬಿಡುವುದು ನಷ್ಟವೇ ಸರಿ. ಗೋಡೆ, ಛಾವಣಿಗಳ ಮೂಲಕ ಒಳನುಗ್ಗುವ ಕಾವಿಗೆ ಮಿತಿ ಹಾಕುವ 'ಇಕೋ ನಿವಾಸ ಸಂಹಿತೆ'ಯನ್ನು ಕೇಂದ್ರ ಸರ್ಕಾರ 2018ರಲ್ಲಿಯೇ ಪ್ರಕಟಿಸಿದೆ.

ಇದರಲ್ಲಿ ವ್ಯಾಪಾರದ ಹಿತವೂ ಅಡಗಿದೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟಿಗೂ, ಶಹಾಬಾದ್, ಚಿತ್ತಾಪುರಗಳ ಪರಸಿಗೂ ಮೂಲ ಒಂದೇ ಸುಣ್ಣಕಲ್ಲು. ಸಿಮೆಂಟು ಬೇಡವೆಂಬುದು ನಮ್ಮ ವಾದವಲ್ಲ. ಅದು ಮನೆಗೆ ಭದ್ರತೆ ನೀಡಲಿ, ಪರಸಿ ಕಾಲಿಗೆ ತಂಪು ನೀಡಲಿ. ದೂರದಿಂದ ಬರುವ ವಿಟ್ರಿಫೈಡ್ ಟೈಲ್ಸಿನ ಹೊಳಪಿಗೆ ಮಾರುಹೋಗಿ, ಮನೆಬಾಗಿಲ ಕಲ್ಲನ್ನು ಕಡೆಗಣಿಸಿದರೆ ಗಣಿಯ ಕಾರ್ಮಿಕನಿಂದ ಪಾಲಿಶ್ ಘಟಕದ ಮಾಲೀಕನವರೆಗೆ ಎಲ್ಲರಿಗೂ ಹಾನಿ.

ಬಡಾವಣೆ ನಿರ್ಮಿಸುವ ನಮ್ಮ ಸದಸ್ಯ ಬಾಂಧವರು ತಲಾ ಒಂದು ಮಾದರಿ ಮನೆಯನ್ನು ಈ ರೀತಿ ಕಟ್ಟಿ, ಮೇ ತಿಂಗಳಿನಲ್ಲಿ ಗ್ರಾಹಕರಿಗೆ ತೋರಿಸಲಿ. ಅದಕ್ಕಿಂತ ಉತ್ತಮ ಜಾಹೀರಾತು ಬೇರೊಂದಿಲ್ಲ.